ಹೋತಕ್ಕೆ ಸ್ನಾನ ಮಾಡಿಸಿದ್ದು

ಬೆದೆಗೆ ಬಂದ ಹೋತಕ್ಕೆ ಯಾರೂ ಸ್ನಾನ ಮಾಡಿಸಬಾರದು. ಈ ಮಾತು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ, ಯಾಕೆಂದರೆ ಅಂಥ ಕೆಲಸ ಮಾಡುವ ಪುಣ್ಯಾತ್ಮನೊಬ್ಬ ಇರುತ್ತಾನೆಂದು ಬರೆಯುವವರಿಗೆ ಹೊಳೆದಿರಲಿಕ್ಕಿಲ್ಲ. ನಾನು ಮಾಡಿಸಿದ್ದೇನೆ. ಅದೂ ಮೈಗೆ ಗಂಧದ ಸೋಪು, ಗಡ್ಡಕ್ಕೆ ಶಾಂಪೂ ಹಾಕಿ.

ಇದಕ್ಕೆಲ್ಲ ಮೂಲ ನಾನು ಕೊಚ್ಚಿಗೆ ಬಂದ ಹೊಸದರಲ್ಲಿ ಹೇಳಿದ ಒಂದು ಅರ್ಧ ಸತ್ಯ. ಮಟ್ಟಾಂಚೇರಿಯಲ್ಲಿ ಮಹಡಿಯ ಕೋಣೆಯೊಂದು ಖಾಲಿ ಇದೆಯೆಂದು ಕೇಳಿ ಹೋಗಿದ್ದೆ. ಮನೆಯೊಡತಿಯನ್ನು ಇಡೀ ಬೀದಿ ಉಮ್ಮ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ, ಅವರು ನನ್ನನ್ನು ಮೋನೆ, ಅಂದರೆ ಮಗನೇ, ಎಂದರು. ಅವರದು ಮಲಯಾಳ, ನನ್ನದು ಕುಂಟು ಮಲಯಾಳ. ಊರು ಯಾವುದು, ಮನೆಯಲ್ಲಿ ಏನು ಮಾಡುತ್ತಾರೆ ಎಂದು ವಿಚಾರಿಸುತ್ತಿದ್ದಾಗ ಹಿತ್ತಲಿನಿಂದ ಆಡೊಂದು ಕೂಗಿತು. ಸಮಯ ನೋಡಿ ನಾನು, "ನಮ್ಮದು ಗದಗಿನ ಕಡೆ. ಕುರಿ, ಆಡು ಕಾಯುವ ಮನೆತನ" ಎಂದೆ. ಉಮ್ಮನ ಮುಖ ಅರಳಿತು. ಕೋಣೆಯ ಕೀಲಿ ಅಲ್ಲೇ ಕೈಗೆ ಬಂತು.

ಹೇಳಿದ್ದು ಸುಳ್ಳಲ್ಲ. ನನ್ನ ಅಜ್ಜ ಈಗಲೂ ಹಿಂಡಿನ ಜತೆ ಹೊಲದಿಂದ ಹೊಲಕ್ಕೆ ತಿರುಗುವವನು. ಚಿಕ್ಕಪ್ಪಂದಿರೂ ಜತೆಗಿರುತ್ತಾರೆ. ಆದರೆ ನಾನು ಆರನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದವನು. ಆಡಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ ಎಂಬ ಸಂಗತಿಯೂ ನನಗೆ ಗೊತ್ತಾದದ್ದು ಉಮ್ಮನ ಹಿತ್ತಲಲ್ಲಿ. ಮೊದಲ ದಿನ ಒಂದು ಆಡಿನ ಬಾಯಿ ನೋಡಿ, ಹೆದರಿ, "ಉಮ್ಮಾ, ಇದರ ಹಲ್ಲು ಉದುರಿಹೋಗಿದೆ" ಎಂದಿದ್ದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವರು ಮನಸಾರೆ ನಕ್ಕರು.

ಹಿತ್ತಲಲ್ಲಿ ನಾಲ್ಕು ಹೆಣ್ಣಾಡು, ಒಂದು ಹೋತ. ಹೋತ ಎಂದರೆ ಬೀಜದ ಗಂಡು. ಕಂದು ಮೈ, ಕೆಳಗೆ ಜೋತ ಕಿವಿ, ಮೊಳದುದ್ದದ ಗಡ್ಡ. ತಾಯಿ ಸತ್ತ ಮರಿಯನ್ನು ಉಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ಅಡುಗೆಮನೆಯಲ್ಲಿ ಮಲಗಿಸಿ ಬೆಳೆಸಿದ್ದರು. ಅದನ್ನು ಅವರು 'ಅವನು' ಎನ್ನುತ್ತಿದ್ದರು, ಕೇಳಿ ಕೇಳಿ ನನಗೂ ಅದೇ ರೂಢಿಯಾಯಿತು. ಸುತ್ತಲ ಐದಾರು ಬೀದಿಗೆ ಅವನೊಬ್ಬನೇ ಹೋತ. ಯಾರ ಆಡು ಬೆದೆಗೆ ಬಂದರೂ ಹಗ್ಗ ಹಿಡಿದು ಉಮ್ಮನ ಬಾಗಿಲಿಗೇ ಬರಬೇಕು. ಬಂದವರು ಚಹಾ ಕುಡಿದು, ಮಗಳ ಸಂಬಂಧದ ಸುದ್ದಿ ಹೇಳಿ ಹೋಗುವರು. ಉಮ್ಮನಿಗೆ ಬೀದಿಯಲ್ಲಿದ್ದ ಮರ್ಯಾದೆಯ ಅರ್ಧ ಭಾಗ ಆ ಗಡ್ಡದಲ್ಲಿ ಇತ್ತು ಎನ್ನಬೇಕು.

ಮಳೆಗಾಲ ಹಿಂದೆ ಸರಿಯುತ್ತಿದ್ದ ಹಾಗೆ ಅವನಿಗೆ ಬೆದೆ ಏರಿತು. ಆಗ ಹೋತ ಏನು ಮಾಡುತ್ತದೆ ಎಂಬುದನ್ನು ಮರ್ಯಾದಸ್ಥರ ಮುಂದೆ ಹೇಳುವುದು ಕಷ್ಟ. ಕತ್ತು ಬಗ್ಗಿಸಿ ತನ್ನ ಗಡ್ಡದ ಮೇಲೆ, ಮುಂಗಾಲ ಮೇಲೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಅದು ಅದರ ಅತ್ತರು. ಆ ನಾತ ಮಹಡಿ ಹತ್ತಿ, ನನ್ನ ಅನ್ನದ ತಟ್ಟೆಯಲ್ಲಿ ಕೂತು, ಆಫೀಸಿನ ಬಟ್ಟೆಯನ್ನೂ ಹೊಕ್ಕಿತು. ಕಾಕ್ಕನಾಡಿನ ಆಫೀಸಿನಲ್ಲಿ ಪಕ್ಕದ ಹುಡುಗಿ ಎರಡು ಸಲ ಕುರ್ಚಿ ಬದಲಿಸಿದಳು. ನಾನು ಮೂಗಿರುವವನಾಗಿ ಹುಟ್ಟಿದ್ದೇ ತಪ್ಪಾಯಿತು.

ಅಂಥ ಹೊತ್ತಿನಲ್ಲೇ ಆಲುವಾದಲ್ಲಿದ್ದ ಮಗಳ ಹೆರಿಗೆಗೆಂದು ಉಮ್ಮ ಹತ್ತು ದಿನ ಹೊರಟರು. ಹೆಣ್ಣಾಡುಗಳನ್ನು ಪಕ್ಕದ ಮನೆಗೆ ಒಪ್ಪಿಸಿದರು. ಹೋತವನ್ನು ಮಾತ್ರ ನನಗೆ.

"ಮೋನೆ, ಬೇರೆ ಯಾರನ್ನೂ ನಂಬುವುದಿಲ್ಲ ನಾನು. ನೀನು ಆಡಿನವರ ಮನೆಯ ಮಗ. ಹಲಸಿನ ಸೊಪ್ಪು ಹಾಕು. ಹಗ್ಗ ಮಾತ್ರ ಬಿಚ್ಚಬೇಡ, ಇವು ಅವನ ದಿನಗಳು. ಮನೆಯ ಬೀಗ ಮರೆತರೂ ಪರವಾಗಿಲ್ಲ."

ನಾನು ಆಡಿನವರ ಮನೆಯ ಮಗನ ಹಾಗೆ ಗಂಭೀರವಾಗಿ ತಲೆಯಾಡಿಸಿದೆ.

ಉಮ್ಮ ಹೋದದ್ದು ಶುಕ್ರವಾರ. ಸೋಮವಾರ ನನಗೆ ಮನೆಯಿಂದಲೇ ದೊಡ್ಡದೊಂದು ಮೀಟಿಂಗ್ ಇತ್ತು, ವೈಫೈ ಸರಿಯಾಗಿ ಸಿಗುವುದು ಕೆಳಗಿನ ಜಗುಲಿಯಲ್ಲಿ, ಹೋತ ಕಟ್ಟಿದ್ದು ಜಗುಲಿಯ ಕಂಬಕ್ಕೆ. ವಿಡಿಯೋದಲ್ಲಿ ವಾಸನೆ ಹೋಗುವುದಿಲ್ಲ, ನಿಜ. ಆದರೆ ಮಾತಾಡುವವನ ಮುಖ ಹೋಗುತ್ತದಲ್ಲ. ಬೆಳಿಗ್ಗೆ ಎಂಟಕ್ಕೆ ನಲ್ಲಿಗೆ ಪೈಪು ಸಿಕ್ಕಿಸಿ, ನನ್ನದೇ ಸೋಪು ಶಾಂಪೂ ತಂದು ಶುರು ಮಾಡಿದೆ. ಆಶ್ಚರ್ಯವೆಂದರೆ ಅವನು ಸುಮ್ಮನೆ ನಿಂತ. ಇಂಥದೊಂದು ಅವಮಾನ ಲೋಕದಲ್ಲಿ ಇದೆ ಎಂದು ಅವನಿಗೆ ಗೊತ್ತಿರಲಿಲ್ಲವೇನೋ. ಗಡ್ಡ ತಿಕ್ಕಿ ನೊರೆ ಬಂದಾಗ ಎಚ್ಚರವಾಯಿತು. ಒಮ್ಮೆ ಜಗ್ಗಿದ. ಸೋಪಿನ ಕತ್ತು, ಹಗ್ಗ ಸರ್ರನೆ ಕಿವಿಯ ಮೇಲಿಂದ ಜಾರಿತು.

ಗೇಟು ಹಾರಿ ಬಜಾರಿನ ರಸ್ತೆಗಿಳಿದ ಅವನನ್ನು ಆ ದಿನ ನೋಡದವರು ಕಡಿಮೆ. ಶುಂಠಿ ಮೂಟೆ ಇಳಿಸುತ್ತಿದ್ದ ಹಮಾಲರು ಕೆಲಸ ನಿಲ್ಲಿಸಿದರು. ಮುಂದೆ ಮೈತುಂಬ ಬಿಳಿ ನೊರೆಯ ಹೋತ, ಹಿಂದೆ ಶಾಂಪೂ ಬಾಟಲಿ ಹಿಡಿದ ನಾನು. "ತಲೆ ತೊಳೆದದ್ದು ಮುಗಿದಿಲ್ಲವಂತೆ, ನಿಲ್ಲಪ್ಪಾ!" ಎಂದು ಯಾರೋ ಹೋತಕ್ಕೆ ಹೇಳಿದರು. ಅವನು ನಿಲ್ಲಲಿಲ್ಲ. ಮುಚ್ಚಿಹೋದ ಹಳೇ ಗೋದಾಮೊಂದರ ಮುರಿದ ಗೋಡೆ ಹಾರಿ, ಆಳೆತ್ತರದ ಕಳೆಯೊಳಗೆ ಮಾಯವಾದ. ಆ ಗೋದಾಮಿನ ಹಿತ್ತಲಿನ ಒಂದು ಬದಿ ಹಿನ್ನೀರು, ಇನ್ನೊಂದು ಬದಿ ಲಾರಿ ಓಡಾಡುವ ರಸ್ತೆ.

ಮೀಟಿಂಗ್ ನನ್ನನ್ನು ಬಿಟ್ಟೇ ನಡೆಯಿತು. ಎರಡು ದಿನ ಹುಡುಕಿದೆ. ಕಾಣುತ್ತಿದ್ದ, ಸಿಗುತ್ತಿರಲಿಲ್ಲ. ಹಲಸಿನ ಸೊಪ್ಪು ತೋರಿಸಿದರೆ ಮೂಸಿಯೂ ನೋಡಲಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಮಾಡಿದವರು ಬೆದೆಗೆ ಬಂದ ಹೋತವನ್ನು ಕಂಡಿರಲಿಲ್ಲ. ಹತ್ತು ಹೆಜ್ಜೆ ಹತ್ತಿರ ಹೋದರೆ ಇಪ್ಪತ್ತು ಹೆಜ್ಜೆ ದೂರ. ರಸ್ತೆಯಲ್ಲಿ ಲಾರಿಯ ಬ್ರೇಕು ಕಿರ್ರೆಂದಾಗಲೆಲ್ಲ ಓಡಿಹೋಗಿ ನೋಡುತ್ತಿದ್ದೆ. ಬಾಟಲಿಯಲ್ಲಿ ಹಾಲು ಕುಡಿಸಿದವರಿಗೆ ಏನೆಂದು ಹೇಳುವುದು?

ಈ ನಡುವೆ ಉಮ್ಮ ದಿನಾ ಸಂಜೆ ಫೋನು ಮಾಡುತ್ತಿದ್ದರು. ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಕ್ಷೇಮ, ಅವನು ತಿಂದನೇ? ತಿಂದ ಉಮ್ಮಾ. ಮಂಗಳವಾರ ಸಂಜೆ ಅವರು, "ಫೋನು ಅವನ ಬಾಯಿ ಹತ್ತಿರ ಹಿಡಿ ಮೋನೆ, ಸ್ವರ ಕೇಳಬೇಕು ಅನಿಸುತ್ತಿದೆ" ಎಂದುಬಿಟ್ಟರು. ನಾನು ಮಹಡಿಯ ಕೋಣೆಯಲ್ಲಿ ಒಬ್ಬನೇ ನಿಂತಿದ್ದೆ. ಬೇರೆ ದಾರಿ ಕಾಣದೆ ಫೋನು ಸ್ವಲ್ಪ ದೂರ ಹಿಡಿದು, ಗಂಟಲು ಬಿಗಿದು, "ಬ್ಯಾ..." ಎಂದೆ.

"ಅಯ್ಯೋ, ಅವನಿಗೆ ನೆಗಡಿಯಾಗಿದೆಯಲ್ಲ!" ಎಂದರು ಉಮ್ಮ. "ನೀರಿಗೆ ಗೀರಿಗೆ ಬಿಟ್ಟೆಯಾ?"

ಬುಧವಾರ ಬೆಳಿಗ್ಗೆ ಅಜ್ಜನಿಗೆ ಫೋನು ಮಾಡಿದೆ. ಇದನ್ನು ಸೋಮವಾರವೇ ಮಾಡಬೇಕಿತ್ತು. ಆದರೆ ಕೆಟ್ಟ ಮೇಲೆ ತಾನೇ ಬುದ್ಧಿ ಬರುವುದು. ಎಲ್ಲ ಹೇಳಿದೆ. ಅಜ್ಜ ನಕ್ಕ ನಗುವಿಗೆ ಆ ಕಡೆ ನಾಯಿ ಬೊಗಳಿದ್ದು ಕೇಳಿಸಿತು.

"ಬೆದಿ ಹೊತ್ತಿನಾಗ ಹೋತದ ಮೈ ತೊಳಿತಾರೇನೋ ತಮ್ಮಾ? ಮದಿಮಗನ ಬಾಸಿಂಗ ಕಿತ್ತು ಓಡಸಿದಂಗ ಆತದು."

"ಯಜ್ಜಾ, ನಗಬ್ಯಾಡ. ಹಿಡಿಯೂದು ಹ್ಯಾಂಗ ಹೇಳು."

"ಬೆನ್ನು ಹತ್ತಿದ್ರ ಸಿಗಂಗಿಲ್ಲ. ಅದ ಬರಂಗ ಮಾಡಬೇಕು. ಬೆದಿಗಿ ಬಂದ ಹೆಣ್ಣಾಡು ಕೂಗಸು."

ಉಮ್ಮನ ನಾಲ್ಕರಲ್ಲಿ ಯಾವುದೂ ಬೆದೆಯಲ್ಲಿರಲಿಲ್ಲ. ನಾನು ಓದಿದವನಲ್ಲವೆ, ಫೋನಿನಲ್ಲಿ ಹುಡುಕಿ, ಬೆದೆಗೆ ಬಂದ ಆಡಿನ ಕೂಗೊಂದನ್ನು ಇಳಿಸಿಕೊಂಡೆ. ಆಫೀಸಿನಲ್ಲಿ ಹಾಡು ಕೇಳಲು ಇಟ್ಟುಕೊಂಡಿದ್ದ ಪುಟ್ಟ ಸ್ಪೀಕರನ್ನು ಮುರಿದ ಗೋಡೆಯ ಮೇಲಿಟ್ಟು ಜೋರಾಗಿ ಹಾಕಿದೆ. ಎರಡೇ ನಿಮಿಷ! ಕಳೆಯೊಳಗಿಂದ ಕತ್ತು ಚಾಚಿ ಬಂದೇಬಿಟ್ಟ. ಮೂಗು ಮೇಲೆತ್ತಿದ. ಗಾಳಿಯಲ್ಲಿ ಏನಿತ್ತು? ಒಣಶುಂಠಿ, ಕರಿಮೆಣಸು, ಮಟ್ಟಾಂಚೇರಿಯ ಗಾಳಿಯಲ್ಲಿ ಯಾವತ್ತೂ ಇರುವುದೇ. ಹೆಣ್ಣಿನ ವಾಸನೆ ಮಾತ್ರ ಇರಲಿಲ್ಲ. ಸ್ಪೀಕರನ್ನು ನೋಡಿದ, ನನ್ನನ್ನು ನೋಡಿದ, ಒಂದು ಸೀನು ಸೀನಿ ವಾಪಸು ಹೋದ. ಆಮೇಲೆ ಎಷ್ಟು ಕೂಗಿಸಿದರೂ ಬರಲಿಲ್ಲ. ಬಂದದ್ದು ಪಕ್ಕದ ಓಣಿಯ ಮುದಿ ಆಡೊಂದು. ಯಾರಿಗೆ ಏನು ಕಷ್ಟವೋ ಎಂದು ವಿಚಾರಿಸಲು ಬಂದಂತಿತ್ತು.

"ಒಮ್ಮಿ ಮೋಸ ಹೋದದ್ದು ಮತ್ತ ಅದೇ ಕೂಗಿಗಿ ಬರಂಗಿಲ್ಲ," ಎಂದ ಅಜ್ಜ. "ಇನ್ನ ಪಿರೂತಿ ಬ್ಯಾಡ, ಸಿಟ್ಟು ಬೇಕು. ಬ್ಯಾರೆ ಹೋತ ಬಂದೈತಿ, ನನ್ನ ಜಾಗಾ ಹಿಡದೈತಿ ಅನ್ನಂಗ ಮಾಡು. ಬ್ಯಾರೆ ಹೋತದ ಕೊಂಬಿನ ಹಿಂದ ಅರಿಬಿ ತಿಕ್ಕಿ ತಾ. ಆ ವಾಸನಿ ಬಡೀತಂದ್ರ, ಹೆಂಥಾ ಹೋತನೂ ಗುದ್ದಾಕ ಬರತೈತಿ."

ಆದರೆ ಐದಾರು ಬೀದಿಗೆ ಅವನೊಬ್ಬನೇ ಹೋತ ಎಂದೆನಲ್ಲ. ಬೇರೆ ಹೋತವನ್ನು ಎಲ್ಲಿಂದ ತರುವುದು? ಫೋನು ಇಟ್ಟು ಹೀಗೇ ಯೋಚಿಸುತ್ತ ಕೂತಿದ್ದಾಗ ನೆನಪಾಯಿತು, ಕಂಬಳಿ.

ಮೂರು ವರ್ಷದ ಹಿಂದೆ ನಾನು ಓದಲು ತಿರುವನಂತಪುರದ ಶ್ರೀಕಾರ್ಯಕ್ಕೆ ಹೊರಟಾಗ ಅಜ್ಜ ತನ್ನ ಹೆಗಲ ಮೇಲಿನ ಕರಿ ಕಂಬಳಿಯನ್ನೇ ತೆಗೆದು ಕೊಟ್ಟಿದ್ದ. "ದೂರದ ಊರು, ಥಂಡಿ ಆದೀತು" ಎಂದಿದ್ದ. ಕೇರಳದಲ್ಲಿ ಥಂಡಿ! ಆ ಕಂಬಳಿ ಹೊದ್ದು ಅಜ್ಜ ಹಿಂಡಿನ ನಡುವೆ ಮಲಗುತ್ತಿದ್ದ. ಹಿಂಡಿನ ಹಳೇ ಹೋತವೊಂದು, ಒಂದು ಕೊಂಬು ಮುರಿದದ್ದು, ಅಜ್ಜನ ಬೆನ್ನಿಗೇ ಒರಗಿ ಮಲಗುತ್ತಿತ್ತು. ಅದರ ಅಷ್ಟೂ ವರ್ಷದ ಬೆದೆ ಆ ಉಣ್ಣೆಯೊಳಗಿತ್ತು. ರೈಲು ಹತ್ತಿದ ಅರ್ಧ ಗಂಟೆಯಲ್ಲಿ ಎದುರಿನ ಸೀಟಿನವರು ಕಿಟಕಿ ತೆಗೆದರು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮುಂದಿನ ನಿಲ್ದಾಣದಲ್ಲಿ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಅಂಟುಪಟ್ಟಿ ಕೊಂಡು ಕಂಬಳಿಯನ್ನು ಗಾಳಿ ಆಡದಂತೆ ಕಟ್ಟಿಟ್ಟೆ. ಮತ್ತೆ ಬಿಚ್ಚಲಿಲ್ಲ. ಕೊಚ್ಚಿಗೆ ಕೆಲಸಕ್ಕೆ ಬರುವಾಗ ಬೇಕೆಂದೇ ಶ್ರೀಕಾರ್ಯದ ಕೋಣೆಯ ಅಟ್ಟದಲ್ಲಿ ಮರೆತು ಬಂದೆ.

ಅಜ್ಜ ಮಾತ್ರ ಪ್ರತಿ ಸಲವೂ ಕೇಳುತ್ತಿದ್ದ, "ಕಂಬಳಿ ಹೊದ್ಕೋತಿ ಇಲ್ಲೋ?"

"ಹೂಂ ಯಜ್ಜಾ, ದಿನಾ ಹೊದ್ಕೋತೀನಿ."

ಶುಕ್ರವಾರ ರಜೆ ಹಾಕಿ ಬೆಳಗಿನ ರೈಲು ಹಿಡಿದೆ. ಉಮ್ಮ ಬರುವುದು ಭಾನುವಾರ. ಶ್ರೀಕಾರ್ಯದ ಕೋಣೆಯಲ್ಲಿ ಈಗಲೂ ನನ್ನ ಹಳೇ ಜತೆಗಾರ, ಕಾಸರಗೋಡಿನವನು, ಇದ್ದಾನೆ. ಓದು ಮುಗಿದ ಮೇಲೆ ಅಲ್ಲೇ ಹತ್ತಿರ ಕೆಲಸಕ್ಕೆ ಸೇರಿದವನು. ಅಟ್ಟದಿಂದ ಕಟ್ಟನ್ನಿಳಿಸಿ, ಸರಿಯಿದೆಯೋ ನೋಡೋಣವೆಂದು ಅಂಟುಪಟ್ಟಿಯ ಒಂದು ಮೂಲೆ ಎಬ್ಬಿಸಿದೆ.

"ಎಂತ ನಾತ ಮಾರಾಯ ಇದು!" ಅವನು ಬಾಗಿಲಾಚೆಗೆ ಹಾರಿದ. "ಇದನ್ನು ಇಷ್ಟು ದಿನ ನನ್ನ ತಲೆ ಮೇಲೆ ಇಟ್ಟಿದ್ದೆಯಾ? ಕೊಚ್ಚಿಗೆ ಕೊಂಡೋಗಿ ಎಂತ ಮಾಡ್ತಿ?"

"ಹೊದ್ದುಕೊಳ್ಳೋಕೆ," ಎಂದೆ.

"ನಿನಗೆ ಮದುವೆ ಆಗುವ ಅಂದಾಜು ಇಲ್ಲ ಅಲ್ಲವಾ?" ಎಂದು ಕೇಳಿ, ಆದರೂ ಪಾಪ, ರೈಲು ನಿಲ್ದಾಣದವರೆಗೆ ಸ್ಕೂಟರಿನಲ್ಲಿ ಬಿಟ್ಟ. ಕಟ್ಟು ನನ್ನ ಬೆನ್ನ ಹಿಂದಿರಬೇಕೆಂಬ ಷರತ್ತಿನ ಮೇಲೆ.

ವಾಪಸು ಬರುವ ರೈಲಿನಲ್ಲಿ, ಕೊಲ್ಲಂ ದಾಟುವಷ್ಟರಲ್ಲಿ, ಎಬ್ಬಿಸಿದ ಮೂಲೆ ತನ್ನ ಕೆಲಸ ಶುರು ಮಾಡಿತು. ಪಕ್ಕದ ಹಿರಿಯರೊಬ್ಬರು ಮೂಗರಳಿಸಿ, ಕಟ್ಟನ್ನು ನೋಡಿ, "ಒಣಮೀನೇ?" ಎಂದರು. ಹೌದೆಂದೆ. ಅವರು ಸಮಾಧಾನದಿಂದ ತಲೆಯಾಡಿಸಿ ಮತ್ತೆ ಪೇಪರು ಬಿಡಿಸಿದರು. ಆ ರೈಲಿನಲ್ಲಿ ಒಣಮೀನಿಗೆ ಇರುವ ಗೌರವವೇ ಬೇರೆ.

ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಗೋದಾಮಿನ ಮುರಿದ ಗೋಡೆಯ ಬಳಿ ನಿಂತಿದ್ದೆ. ಮೈತುಂಬ ಕರಿ ಕಂಬಳಿ. ಕೊಚ್ಚಿಯ ಸೆಕೆಯಲ್ಲಿ ಬೆವರು ಹಿಮ್ಮಡಿಗೆ ಇಳಿಯುತ್ತಿತ್ತು. ಎರಡು ಕೈಯಲ್ಲಿ ಎರಡು ತೆಂಗಿನ ಗರಿಯ ದಿಂಡು, ಜೇಬಿನಲ್ಲಿ ಸ್ಪೀಕರಿಗೆ ಹಾಕಿದ ಫೋನು, ಫೋನಿನಲ್ಲಿ ಅಜ್ಜ. ಯಾವುದೋ ಹೋತದ ವಾಸನೆ ಸಿಕ್ಕಿದೆ ಎಂದಷ್ಟೇ ಅವನಿಗೆ ಹೇಳಿದ್ದೆ. ಲಾರಿಗೆ ಕಾಯುತ್ತಿದ್ದ ಹಮಾಲರು ಚಹಾ ಲೋಟ ಹಿಡಿದು ಸಾಲಾಗಿ ಕೂತಿದ್ದರು.

"ಗಾಳಿ ಯಾ ಕಡಿಂದ ಬೀಸತೈತಿ?"

"ನನ್ನ ಬೆನ್ನಿಂದ ಅದರ ಕಡೆಗೆ, ಯಜ್ಜಾ."

"ಹಾಂ, ಬರೋಬ್ಬರಿ. ಈಗ ಕಟ್ಟಿಗಿ ಬಡಿ. ಎರಡು ಹೋತ ಕೊಂಬು ಹಚ್ಚಿದಂಗ. ಮೆಲ್ಲಕ, ಆಮ್ಯಾಲ ಜೋರ."

ಬಡಿದೆ. ಟಕ್, ಟಕ್, ಟಕಾರ್. ಜೇಬಿನೊಳಗಿಂದ ಅಜ್ಜ ಕೂಗು ತೆಗೆದ. ಹೋತ ಬೆದೆಯಲ್ಲಿ ನಾಲಿಗೆ ಹೊರಳಿಸಿ ಗದರುತ್ತದಲ್ಲ, ಲಬಲಬಲಬ ಎಂದು, ಅದೇ ಕೂಗು, ಅದೇ ಗುಟುರು. ಎಪ್ಪತ್ತು ದಾಟಿದ ಮನುಷ್ಯನ ಗಂಟಲಿನಿಂದ ಆ ಸದ್ದು ಬಂದಾಗ ಹಮಾಲರ ನಗೆ ನಿಂತುಹೋಯಿತು. ನನ್ನ ಅಜ್ಜನಿಗೆ ಏನೇನು ಬರುತ್ತದೆ ಎಂಬುದನ್ನು ನಾನು ಅವತ್ತಿನವರೆಗೆ ಕೇಳಿಯೇ ಇರಲಿಲ್ಲ.

ಕಳೆ ಅಲ್ಲಾಡಿತು. ಅವನು ಬಂದ. ಐದು ದಿನದಲ್ಲಿ ಸೋಪಿನ ಹೊಳಪು ಅರ್ಧ ಹೋಗಿ, ಗಡ್ಡ ಮತ್ತೆ ಜಿಡ್ಡಾಗಿತ್ತು. ಗಾಳಿ ಮೂಸಿ, ಮೇಲ್ತುಟಿ ಮಡಿಚಿ ನಿಂತ. ಮಟ್ಟಾಂಚೇರಿಯ ಅಷ್ಟೂ ಶುಂಠಿ ಮೆಣಸನ್ನು ದಾಟಿ ಗದಗಿನ ಹೋತ ಅವನ ಮೂಗಿಗೆ ಬಡಿದಿತ್ತು. ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು. ಹಿಂಗಾಲ ಮೇಲೆದ್ದ. ಆಮೇಲೆ ಏನಾಯಿತೆಂದು ಹಮಾಲರು ಹೇಳಿದ್ದನ್ನೇ ನಾನೂ ನಂಬುತ್ತೇನೆ, ಏಕೆಂದರೆ ನಾನು ಕಣ್ಣು ಮುಚ್ಚಿದ್ದೆ. ತೊಡೆಗೆ ಗುದ್ದು ಬಿತ್ತು, ನಾನು ಅಂಗಾತ ಬಿದ್ದೆ, ಅವನು ಕಂಬಳಿಗೆ ಎರಡನೇ ಗುದ್ದು ಹಾಕುವಷ್ಟರಲ್ಲಿ ಇಬ್ಬರು ಹಮಾಲರು ಹಾರಿ ಕೊಂಬು ಹಿಡಿದರು. ಜೇಬಿನೊಳಗೆ ಅಜ್ಜ ಇನ್ನೂ ಗುಟುರು ಹಾಕುತ್ತಲೇ ಇದ್ದ.

"ಸಿಕ್ತು ಯಜ್ಜಾ, ಸಾಕು ಬಿಡು!" ಎಂದು ಕೂಗಿದೆ.

ಭಾನುವಾರ ಉಮ್ಮ ಬಂದರು. ಬುರ್ಖಾ ತೆಗೆಯುವ ಮುನ್ನವೇ ಹೋತದ ಹತ್ತಿರ ಹೋಗಿ, ಕೊಂಬಿನ ನಡುವೆ ಮೂಗಿಟ್ಟರು. ಮೂಗೆತ್ತಿ ನನ್ನನ್ನು ನೋಡಿದರು. ನನಗೆ ಇನ್ನು ಬ್ಯಾ ಎನ್ನುವ ಧೈರ್ಯ ಉಳಿದಿರಲಿಲ್ಲ. ಸೋಪಿನಿಂದ ಹಿಡಿದು ಕಂಬಳಿಯವರೆಗೆ ಒಪ್ಪಿಸಿಬಿಟ್ಟೆ, ಆಡಿನ ಹಲ್ಲಿನ ವಿಷಯವನ್ನೂ ಸೇರಿಸಿ. ಉಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅಕ್ಕಿರೊಟ್ಟಿಯಂಥ ಪತ್ತಿರಿಯ ತಟ್ಟೆ ಮಹಡಿಗೆ ಬಂತು. ಜತೆಗೆ ನನ್ನ ಸೋಪಿನ ಪೆಟ್ಟಿಗೆಯೂ ವಾಪಸು ಬಂತು. "ಇದನ್ನು ನಿನ್ನ ಕೋಣೆಯಲ್ಲೇ ಇಟ್ಟುಕೋ" ಎಂದರು.

ಅದೇ ಸಂಜೆ ಖುಷಿಯಲ್ಲಿ ಅಜ್ಜನಿಗೆ ಫೋನು ಮಾಡಿದೆ. ಉಮ್ಮ ಮಾತಾಡಿದರು, ಎಲ್ಲ ಸರಿಯಾಯಿತು ಎಂದೆ.

"ಅಲ್ಲೋ ತಮ್ಮಾ, ಆ ವಾಸನಿ ಯಾ ಹೋತದ್ದು? ಎಲ್ಲಿ ಸಿಕ್ತು ನಿನಗ?"

"ನಿನ್ನ ಕಂಬಳಿ ಯಜ್ಜಾ!" ಎಂದೆ ಹೆಮ್ಮೆಯಿಂದ. "ಕೊಂಬು ಮುರದದ್ದಿತ್ತಲ್ಲ, ಅದರದ ವಾಸನಿ. ಇನ್ನೂ ಹಂಗ ಐತಿ!"

ಅಜ್ಜನ ಹಿಂದೆ ಕುರಿಗಳ ಗಂಟೆ ಕೇಳಿಸುತ್ತಿತ್ತು.

"ಮೂರು ವರ್ಷ ಆತು ಕೊಟ್ಟು," ಎಂದ. "ದಿನಾ ಹೊದ್ದಿದ್ರ ಅದರಾಗ ನಿನ್ನ ವಾಸನಿ ಇರಬೇಕಿತ್ತಲ್ಲೋ. ಹೋತದ್ದು ಎಂದೋ ಹೋಗಿರತಿತ್ತು."

ನಾಚಿಕೆಯಾಯಿತು, ಅಂಥ ನಾಚಿಕೆ ಹಿಂದೆ ಎಂದೂ ಆಗಿರಲಿಲ್ಲ. ರೈಲಿನಲ್ಲಿ ಕಂಬಳಿ ಕಟ್ಟಿಟ್ಟ ದಿನ ಆದದ್ದೂ ನಾಚಿಕೆಯೇ ಎಂದುಕೊಂಡಿದ್ದೆ. ಅದು ಬರೀ ಸೊಕ್ಕು.

"ಇರಲಿ ಬಿಡು," ಎಂದ ಅಜ್ಜ. "ಹೋತಕ್ಕರ ಉಪಯೋಗ ಆತಲ್ಲ." ಆಮೇಲೆ ಮಳೆ, ಮೇವು, ಚಿಕ್ಕಪ್ಪನ ಮೊಣಕಾಲು, ಎಲ್ಲ ಮಾತಾಡಿದ. ಕಂಬಳಿಯ ಸುದ್ದಿ ಮತ್ತೆ ತೆಗೆಯಲಿಲ್ಲ. ಮುಂದಿನ ವಾರವೂ ಕೇಳಲಿಲ್ಲ, ಅದರ ಮುಂದಿನ ವಾರವೂ ಕೇಳಲಿಲ್ಲ. ಮೂರು ವರ್ಷ ತಪ್ಪದೆ ಕೇಳಿದ ಪ್ರಶ್ನೆ ಅದು.

ಕೊನೆಗೆ ನಾನೇ ಬಾಯಿಬಿಟ್ಟೆ.

"ಯಜ್ಜಾ, ಕಂಬಳಿ ಹೊದ್ಕೊಂಡೀನಿ."

"ಹೌದಾ? ಹ್ಯಾಂಗೈತಿ?"

"ಭಾಳ ಶಕಿ. ಮೈಯೆಲ್ಲಾ ಕೆರಿತೈತಿ. ನಾತಕ್ಕ ನಿದ್ದಿ ಹತ್ತವಲ್ದು. ಕಾಲಿಗಷ್ಟ ಹಾಕ್ಕೊಂಡೀನಿ."

ಆ ಕಡೆ ಅಜ್ಜ ನಕ್ಕ. ನಾಯಿ ಮತ್ತೆ ಬೊಗಳಿತು.

"ಈಗ ಖರೇ ಹೊದ್ಕೊಂಡೀ ನೋಡು," ಎಂದ.